ಮಾರ್ಜಿನಾಲಿಯಾ ಸರ್ಚ್: ಚಿಕ್ಕದು, ಸ್ವಲ್ಪ ಹಠಮಾರಿ, ಆದ್ರೆ ಒಂದ್ಸಲ ನೋಡ್ಲೇಬೇಕು

ಹೊಸ ಸರ್ಚ್ ಎಂಜಿನ್ ಬಂತು ಅಂದ್ರೆ ಈಗ ಯಾರೂ ತಲೆ ಎತ್ತಿ ನೋಡಲ್ಲ ಬಿಡಿ, ಇಷ್ಟು ದಿನ ಬಂದವೆಲ್ಲ ಏನಾದ್ವು ಅಂತ ನೋಡಿದೀವಲ್ಲ. 2008ರಲ್ಲಿ ಕೂಲ್ ಅಂತ ಒಂದು ಬಂತು, ಗೂಗಲ್ ಬಿಟ್ಟು ಬಂದೋರೇ ಕಟ್ಟಿದ್ದು, 33 ಮಿಲಿಯನ್ ಡಾಲರ್ ಬಂಡವಾಳ, 120 ಬಿಲಿಯನ್ ಪೇಜ್ ಇಂಡೆಕ್ಸ್ ಮಾಡಿದೀವಿ (ಹುಡುಕೋಕೆ ಪಟ್ಟಿ ಮಾಡಿಟ್ಟಿದೀವಿ) ಅಂತ ಡಂಗುರ ಬೇರೆ, 2010ಕ್ಕೆ ಬಾಗಿಲು ಹಾಕ್ಕೊಂಡು ಹೋದ್ರು. ಆಮೇಲೆ ನೀವಾ (Neeva) ಅನ್ನೋ ಇನ್ನೊಂದು ಸರ್ಚ್ ಎಂಜಿನ್. ಗೂಗಲ್‌ನಲ್ಲಿ ಆ್ಯಡ್ ವಿಭಾಗ ನೋಡ್ಕೋತಿದ್ದ ಶ್ರೀಧರ್ ರಾಮಸ್ವಾಮಿ ಅವ್ರೇ ಶುರು ಮಾಡಿದ್ದು, ಆ್ಯಡ್ ಬೇಡ ಚಂದಾ ಸಾಕು ಅಂದ್ರು, 2023ರಲ್ಲಿ ಅದನ್ನೂ ಮುಚ್ಚಿದ್ರು.

ಇವ್ರೆಲ್ಲ ಹೊರಟಿದ್ದು ಗೂಗಲ್ ಜೊತೆ ಕುಸ್ತಿಗೆ. ಮಾರ್ಜಿನಾಲಿಯಾ ಆ ಅಖಾಡಕ್ಕೇ ಇಳಿದಿಲ್ಲ, ಅದಕ್ಕೇ ಇನ್ನೂ ಉಳ್ಕೊಂಡಿದೆ ಅನ್ಸುತ್ತೆ. ಸ್ವೀಡನ್‌ನ ವಿಕ್ಟರ್ ಲೊವ್‌ಗ್ರೆನ್ ಅನ್ನೋ ಪ್ರೋಗ್ರಾಮರ್ ಒಬ್ಬರೇ 2021ರಲ್ಲಿ ಶುರು ಮಾಡಿದ್ದು. ಮೊದಮೊದಲು ಇಡೀ ಸರ್ಚ್ ಎಂಜಿನ್ ಓಡ್ತಾ ಇದ್ದಿದ್ದು ಅವ್ರ ಮನೇಲಿದ್ದ ಒಂದೇ ಪಿಸಿ ಮೇಲೆ, 128 ಜಿಬಿ ರ್‍ಯಾಮ್ ಇರೋ ಮಾಮೂಲಿ ಅಸೆಂಬಲ್ಡ್ ಮಷೀನು. ಆಮೇಲೆ 2023ರಲ್ಲಿ ಎನ್‌ಎಲ್‌ನೆಟ್ ಫೌಂಡೇಶನ್ ಅನ್ನೋ, ಓಪನ್ ಇಂಟರ್ನೆಟ್ ಕೆಲಸಗಳಿಗೆ ದುಡ್ಡು ಕೊಡೋ ಸಂಸ್ಥೆ ಕಡೆಯಿಂದ ಗ್ರಾಂಟ್ ಸಿಕ್ತು, ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಕೂತ್ರು. ಅಕೌಂಟ್ ಬೇಡ, ದುಡ್ಡು ಕೊಡೋದು ಬೇಡ, ಸುಮ್ನೆ ಹೋಗಿ ಟೈಪ್ ಮಾಡೋದು ಅಷ್ಟೇ.

ಇದರ ಲೆಕ್ಕಾಚಾರ ಉಲ್ಟಾ. ಆ್ಯಡ್ ಜಾಸ್ತಿ ಇದ್ರೆ, ಜಾವಾಸ್ಕ್ರಿಪ್ಟ್ ತುಂಬಿಕೊಂಡಿದ್ರೆ, ನೀವೇನು ನೋಡ್ತೀರಿ ಅಂತ ಬೆನ್ನು ಹತ್ತೋ ಟ್ರ್ಯಾಕರ್ ಇದ್ರೆ ಆ ಪೇಜ್ ಕೆಳಗೆ ಹೋಗುತ್ತೆ. ಅಕ್ಷರ ಜಾಸ್ತಿ ಇದ್ದು, ಯಾರೋ ಕೂತು ಬರೆದಿರೋ ಥರ ಇದ್ರೆ ಮೇಲೆ ಬರುತ್ತೆ. ಜೊತೆಗೆ ಫಿಲ್ಟರ್‌ಗಳಿವೆ, ಬರೀ ಬ್ಲಾಗು, ಬರೀ ಫೋರಂ, ಅಕಾಡೆಮಿಕ್ ಸೈಟು ಹೀಗೆ. ನನಗೆ ತುಂಬಾ ಇಷ್ಟ ಆಗಿದ್ದು ವಿಂಟೇಜ್ ಅನ್ನೋದು, ಅದನ್ನ ಒತ್ತಿದ್ರೆ ತೊಂಬತ್ತರ ದಶಕದ ಇಂಟರ್ನೆಟ್ಟೇ ಎದ್ದು ಬರುತ್ತೆ.

ನಂಗೆ ಹ್ಯಾಮ್ ರೇಡಿಯೋ ಹುಚ್ಚು, ಅಂದ್ರೆ ಲೈಸೆನ್ಸ್ ತಗೊಂಡು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡೋದು. ಅದಕ್ಕೆ ಕಟ್ಟೋ ಡೈಪೋಲ್ ಆಂಟೆನಾ (ಉದ್ದ ತಂತಿಯ ಸರಳ ಆಂಟೆನಾ) ಅಂತ ಮಾಮೂಲಿ ಸರ್ಚ್‌ನಲ್ಲಿ ಹಾಕಿದ್ರೆ ಮೊದಲು ಬರೋದು ಮಾರೋ ಅಂಗಡಿಗಳು, ಆಮೇಲೆ ವೀಡಿಯೋಗಳು, ಆಮೇಲೆ ಹತ್ತು ಸೈಟ್‌ನಲ್ಲಿ ಒಂದೇ ಮ್ಯಾಟರ್ ಹಿಂದೆ ಮುಂದೆ ಮಾಡಿ ಬರೆದಿರೋದು. ಇಲ್ಲಿ ಅದೇ ಪದ ಹಾಕಿ ನೋಡಿ, ತಮ್ಮ ಕಾಲ್‌ಸೈನ್ (ಹ್ಯಾಮ್‌ಗಳಿಗೆ ಕೊಡೋ ಗುರುತಿನ ಸಂಕೇತ) ಹೆಸರಲ್ಲೇ ಸೈಟ್ ಮಾಡ್ಕೊಂಡಿರೋ ರಿಟೈರ್ಡ್ ಯಜಮಾನ್ರು ಸಾಲಾಗಿ ಬರ್ತಾರೆ. ಬೂದು ಬ್ಯಾಕ್‌ಗ್ರೌಂಡು, ಕೈಯಲ್ಲಿ ಬರೆದು ಸ್ಕ್ಯಾನ್ ಮಾಡಿದ ಚಿತ್ರ, 468ನ್ನ ಮೆಗಾಹರ್ಟ್ಸ್ ಲೆಕ್ಕದ ಫ್ರೀಕ್ವೆನ್ಸಿಯಿಂದ ಭಾಗಿಸಿದ್ರೆ ತಂತಿ ಉದ್ದ ಅಡಿ ಲೆಕ್ಕದಲ್ಲಿ ಸಿಗುತ್ತೆ ಅನ್ನೋ ಸೂತ್ರ, ಅದರ ಕೆಳಗೇ ಇದು ಬರೀ ಅಂದಾಜು ಸ್ವಾಮಿ, ಮೊದಲು ಉದ್ದ ಬಿಟ್ಕೊಂಡು ಆಮೇಲೆ ಕತ್ತರಿಸ್ತಾ ಬನ್ನಿ ಅಂತ ಬುದ್ಧಿಮಾತು. 40 ಮೀಟರ್ ಬ್ಯಾಂಡ್‌ಗೆ (7 ಮೆಗಾಹರ್ಟ್ಸ್ ಆಸುಪಾಸು) ಹೆಚ್ಚೂಕಮ್ಮಿ 66 ಅಡಿ ತಂತಿ, ಹಿತ್ತಲಲ್ಲಿ ಎರಡು ತೆಂಗಿನಮರ ಇದ್ರೆ ಕೆಲಸ ಆಯ್ತು. ಒಬ್ಬರ ಪೇಜ್‌ನಿಂದ ಅವ್ರ ಸ್ನೇಹಿತರ ಪೇಜ್‌ಗೆ ಲಿಂಕು, ಅಲ್ಲಿಂದ ಇನ್ನೊಂದಕ್ಕೆ, ರಾತ್ರಿ ಹನ್ನೆರಡಾಗಿರುತ್ತೆ.

ಆದ್ರೆ ಟ್ರೈನ್ ಟೈಮು, ಹತ್ತಿರದ ಮೆಡಿಕಲ್ ಶಾಪು, ಇವತ್ತಿನ ಸುದ್ದಿ, ಇದ್ಯಾವುದಕ್ಕೂ ಇಲ್ಲಿಗೆ ಬರ್ಬೇಡಿ. ಪೂರ್ತಿ ವಾಕ್ಯದಲ್ಲಿ ಪ್ರಶ್ನೆ ಕೇಳಿದ್ರೂ ತಡಬಡಾಯಿಸುತ್ತೆ, ಎರಡು ಮೂರು ಪದ ಅಷ್ಟೇ ಹಾಕ್ಬೇಕು, ಹಳೇ ಕಾಲದಲ್ಲಿ ಹುಡುಕ್ತಿದ್ವಲ್ಲ ಹಾಗೆ. ಕೆಲವು ಒಳ್ಳೇ ಸೈಟ್‌ಗಳು ಬರೋದೇ ಇಲ್ಲ, ಅದರಲ್ಲಿ ಇವ್ರ ತಪ್ಪೇನೂ ಇಲ್ಲ, ಎಷ್ಟೋ ಸೈಟ್‌ಗಳು ಗೂಗಲ್ಲು ಬಿಂಗು ಎರಡನ್ನೇ ಒಳಗೆ ಬಿಟ್ಟು ಬೇರೆ ಯಾವ ಕ್ರಾಲರ್ (ಸೈಟ್ ಸೈಟ್ ಸುತ್ತಿ ಪೇಜ್ ಓದ್ಕೊಂಡು ಬರೋ ಪ್ರೋಗ್ರಾಂ) ಬಂದ್ರೂ ಬಾಟ್ ಅಂತ ಗೇಟ್‌ನಲ್ಲೇ ವಾಪಸ್ ಕಳಿಸ್ತಾವೆ. ಹೊಸಬ್ರು ಯಾರೇ ಸರ್ಚ್ ಎಂಜಿನ್ ಶುರು ಮಾಡಿದ್ರೂ ಮೊದಲು ಎದುರಾಗೋ ತಲೆನೋವು ಇದೇ.

ಇನ್ನು ಕನ್ನಡದ ವಿಚಾರ. ಇದು ಇಂಗ್ಲಿಷ್‌ಗೆ ಅಂತಲೇ ಕಟ್ಟಿದ್ದು, ಹಾಗಾಗಿ ನಮ್ಮ ಭಾಷೇಲಿ ಹುಡುಕೋ ಆಸೆ ಬಿಡಿ. ಆದ್ರೆ ಸೋರ್ಸ್ ಕೋಡ್ ಪೂರ್ತಿ ಓಪನ್ ಇದೆ, ಜಾವಾದಲ್ಲಿ ಬರೆದಿರೋದು, ಬೆಂಗಳೂರಲ್ಲಿ ಜಾವಾ ಬರೋರಿಗೇನು ಬರವೇ? ಕಷ್ಟ ಇರೋದು ಬೇರೆ ಕಡೆ. ಇಂಗ್ಲಿಷ್‌ನಲ್ಲಿ ಪದ ಹೆಚ್ಚೂಕಮ್ಮಿ ಇದ್ದ ಹಾಗೇ ಇರುತ್ತೆ, ನಮ್ದರಲ್ಲಿ ಕೆರೆ, ಕೆರೆಯ, ಕೆರೆಗೆ, ಕೆರೆಯಲ್ಲಿ, ಕೆರೆಯಿಂದ, ಕೆರೆಗಳನ್ನು, ಎಲ್ಲಾ ಒಂದೇ ಕೆರೆ ಅಂತ ಮಷೀನ್‌ಗೆ ಕಲಿಸ್ಬೇಕು. ಸಂಧಿ ಬೇರೆ. ಅದಕ್ಕಿಂತ ದೊಡ್ಡ ಪೀಡೆ ಅಂದ್ರೆ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಕಂಪ್ಯೂಟರ್‌ನಲ್ಲಿ ಒಂದೇ ಸಂಕೇತ ಪದ್ಧತಿ) ಬರೋಕ್ಕಿಂತ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟಿರೋ ಫೈಲುಗಳು. ಆ ಫಾಂಟ್ ಇದ್ರೆ ಕಣ್ಣಿಗೆ ಚೆನ್ನಾಗೇ ಕಾಣುತ್ತೆ, ಆದ್ರೆ ಒಳಗಿರೋದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಕ್ರಾಲರ್ ಬಂದು ಏನು ಓದ್ಬೇಕು ಪಾಪ. ಸರ್ಕಾರಿ ಸುತ್ತೋಲೆಗಳಂತೂ ಎಷ್ಟೋ ಕಡೆ ಬರೀ ಸ್ಕ್ಯಾನ್ ಮಾಡಿದ ಪಿಡಿಎಫ್ಫು.

ಹಾಗಂತ ಇಡೀ ಕನ್ನಡ ಇಂಟರ್ನೆಟ್ಟನ್ನೇ ಮೊದಲ ದಿನವೇ ಹಿಡೀಬೇಕು ಅಂತಿಲ್ಲ. 2005ರಲ್ಲಿ ಶುರುವಾದ ಸಂಪದ, ಆಮೇಲೆ ಅವಧಿ, ಕೆಂಡಸಂಪಿಗೆ ಥರದ ಕನ್ನಡ ಸೈಟ್‌ಗಳು, ಆ ಕಾಲದಲ್ಲಿ ಜನ ಮನೆಮನೇಲಿ ಕೂತು ಬರೆದ ಬ್ಲಾಗ್‌ಸ್ಪಾಟ್ ಬ್ಲಾಗುಗಳು, ಇವೆಲ್ಲ ಯೂನಿಕೋಡ್‌ನಲ್ಲೇ ಸಿಗುತ್ತೆ, ಇಷ್ಟನ್ನ ಮಾತ್ರ ಹುಡುಕೋ ಒಂದು ಚಿಕ್ಕ ಡಬ್ಬಿ ಮಾಡಿದ್ರೂ ಸಾಕು, ಆ ಸೈಜಿಗೆ ಮನೆ ಪಿಸಿನೇ ಧಾರಾಳ ಆಯ್ತು. ಯಾರಾದ್ರೂ ಕೈ ಹಾಕೋದಾದ್ರೆ ಹೇಳಿ, ಕೋಡ್ ಬರೆಯೋಕೆ ನಂಗೆ ಬರಲ್ಲ, ಆದ್ರೆ ಯಾವ ಬ್ಲಾಗ್ ಇನ್ನೂ ಜೀವಂತ ಇದೆ ಯಾವುದು ಇಲ್ಲ ಅಂತ ಕೂತು ಪಟ್ಟಿ ಮಾಡಿಕೊಡ್ತೀನಿ.