ಹೆಸರು ಬದಲಿಸಲು ಎಲ್ಲಿಗೆ ಹೋಗಬೇಕು? ಕಾಸರಗೋಡಿನವರಿಗೆ ವಿಲ್ಲೇಜ್ ಆಫೀಸು, ಕೇರಳ ಗೆಜೆಟ್, ಮುನ್ಸಿಫ್ ಕೋರ್ಟು

ಮನೆಯಲ್ಲಿ ಇಟ್ಟ ಹೆಸರು ಗೀತಾ. ಶಾಲೆಯ ಮಲಯಾಳ ದಾಖಲೆಯಲ್ಲಿ ದೀರ್ಘ ಬಿದ್ದುಹೋಗಿ ಗೀತ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಕಡೆ ಕೊನೆಗೆ ಟಿ-ಎ, ಇನ್ನೊಂದು ಕಡೆ ಟಿ-ಎಚ್-ಎ. ರೇಷನ್ ಕಾರ್ಡಿನಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಮದುವೆಯಾದ ಮೇಲಿನ ಬ್ಯಾಂಕ್ ಪುಸ್ತಕದಲ್ಲಿ ಹೆಸರಿಗೆ ಅಂಟಿದ ರೈ. ಹೆಸರು ಒಂದೇ ಆದರೂ ಮೂರು ಲಿಪಿಗಳಲ್ಲಿ ಓಡಾಡಿ ನಾಲ್ಕಾಗಿ ಕೂತಿರುತ್ತದೆ. ಮಂಜೇಶ್ವರದಿಂದ ಹೊಸದುರ್ಗದವರೆಗೆ ಕನ್ನಡದ ಮನೆಗಳಲ್ಲಿ ಇದು ಎಲ್ಲರೂ ಬಲ್ಲ ತೊಂದರೆ. ಪಾಸ್‌ಪೋರ್ಟ್‌ಗೋ ಪಿಂಚಣಿಗೋ ಅರ್ಜಿ ಹಾಕುವ ಹೊತ್ತಿಗೆ ಯಾರಾದರೂ "ಕೋರ್ಟಿನಿಂದ ಆರ್ಡರ್ ತರಬೇಕಾಗುತ್ತದೆ" ಎಂದುಬಿಡುತ್ತಾರೆ, ಅಲ್ಲಿಂದ ಮನೆಯವರ ನಿದ್ದೆ ಹಾರುತ್ತದೆ.

ಹೆಚ್ಚಿನವರಿಗೆ ಕೋರ್ಟು ಬೇಕೇ ಇಲ್ಲ. ವಯಸ್ಕರು ತಮ್ಮ ಹೆಸರು ಬದಲಿಸಿಕೊಳ್ಳಲು ನ್ಯಾಯಾಧೀಶರ ಅನುಮತಿ ಪಡೆಯಬೇಕೆಂದು ಹೇಳುವ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿಲ್ಲ. ಇಷ್ಟಪಟ್ಟ ಹೆಸರನ್ನು ಇಟ್ಟುಕೊಳ್ಳುವುದು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಕೇರಳ ಹೈಕೋರ್ಟು 2020ರಲ್ಲಿ ಹೇಳಿತು. 2021ರಲ್ಲಿ ಸಿಬಿಎಸ್‌ಇ ವಿರುದ್ಧದ ಜಿಗ್ಯಾ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. ಹಾಗಾಗಿ ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ಒಂದೇ: ನಿಮ್ಮದು ಅಕ್ಷರದ ವ್ಯತ್ಯಾಸವೋ, ಹೊಸ ಹೆಸರೋ, ಇಲ್ಲವೇ ಯಾವುದೋ ಇಲಾಖೆ ತಿದ್ದಲು ಒಪ್ಪದ ದಾಖಲೆಯೋ? ಈ ಮೂರಕ್ಕೂ ಹೋಗಬೇಕಾದ ಜಾಗ ಬೇರೆ ಬೇರೆ.

ಅಕ್ಷರದ ವ್ಯತ್ಯಾಸ ಮಾತ್ರವಾದರೆ ಹೆಸರು ಬದಲಿಸುವ ಗೋಜಿಗೇ ಹೋಗಬೇಡಿ. ಎರಡು ದಾಖಲೆಗಳಲ್ಲಿರುವ ಎರಡು ಹೆಸರೂ ಒಬ್ಬರದೇ ಎಂದು ವಿಲ್ಲೇಜ್ ಆಫೀಸರ್ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು 'ವನ್ ಆ್ಯಂಡ್ ದ ಸೇಮ್' ಸರ್ಟಿಫಿಕೇಟ್ ಎನ್ನುತ್ತಾರೆ. ಅಕ್ಷಯ ಕೇಂದ್ರದಿಂದ ಇ-ಡಿಸ್ಟ್ರಿಕ್ಟ್ ಎಂಬ ಸರ್ಕಾರಿ ಜಾಲತಾಣದ ಮೂಲಕ ಅರ್ಜಿ ಹೋಗುತ್ತದೆ. ಇದ್ದುದರಲ್ಲಿ ಕಡಿಮೆ ಖರ್ಚಿನ, ಕಡಿಮೆ ಓಡಾಟದ ದಾರಿ ಇದೇ. ಪಿಂಚಣಿ, ಜಾಗದ ತೆರಿಗೆ, ಬ್ಯಾಂಕಿನ ನಾಮಿನಿ ಇಂಥ ಕೆಲಸಗಳಿಗೆ ಬಹುಪಾಲು ಇಷ್ಟೇ ಸಾಕಾಗುತ್ತದೆ. ಎರಡು ಹೆಸರನ್ನೂ ಆಯಾ ದಾಖಲೆಯಲ್ಲಿ ಇದ್ದ ಹಾಗೆಯೇ, ಚುಕ್ಕೆ ಸಮೇತ, ಅರ್ಜಿಯಲ್ಲಿ ಬರೆಸಿ. ಯಾವ ಕಚೇರಿಗೆ ಕೊಡಲು ಎಂಬುದನ್ನೂ ಸರಿಯಾಗಿ ತಿಳಿಸಿ. ಇದು ದಾಖಲೆಯನ್ನು ತಿದ್ದುವುದಿಲ್ಲ, ವ್ಯತ್ಯಾಸಕ್ಕೆ ಸಮಾಧಾನ ಕೊಡುತ್ತದೆ ಅಷ್ಟೆ.

ಹೆಸರೇ ಬೇರೆ ಬೇಕೆಂದಿದ್ದರೆ ಕೇರಳ ಗೆಜೆಟ್, ಅಂದರೆ ಸರ್ಕಾರದ ಅಧಿಸೂಚನೆಗಳು ಅಚ್ಚಾಗುವ ಪತ್ರಿಕೆ. ಮುದ್ರಣ ಇಲಾಖೆಯ ಈ ಸೇವೆ ಈಗ ಆನ್‌ಲೈನ್‌ನಲ್ಲಿದೆ. ತಿರುವನಂತಪುರದಿಂದ ಇಷ್ಟು ದೂರದಲ್ಲಿರುವ ನಮ್ಮ ಜಿಲ್ಲೆಗೆ ಇದು ನಿಜಕ್ಕೂ ದೊಡ್ಡ ಉಪಕಾರ. ಒಂದು ಸಹಿಗಾಗಿ ರಾತ್ರಿ ರೈಲು ಹತ್ತುವ ಅಗತ್ಯವಿಲ್ಲ. ಕೊರತೆಯೆಂದರೆ ಭಾಷೆ. ಅರ್ಜಿಯ ವ್ಯವಹಾರವೆಲ್ಲ ಇಂಗ್ಲಿಷ್ ಮತ್ತು ಮಲಯಾಳದಲ್ಲಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸುವ ಹಕ್ಕು ಕೊಟ್ಟಿದೆ. ಹೆಸರಿನಷ್ಟು ಸ್ವಂತದ ವಿಷಯದಲ್ಲಿ ಆ ಹಕ್ಕು ಅರ್ಜಿಯ ನಮೂನೆಯಲ್ಲೂ ಕಾಣಬೇಕಿತ್ತು.

ಗೆಜೆಟ್‌ನಲ್ಲಿ ಎಡವುವುದು ಹೆಚ್ಚಾಗಿ ಹಳೆಯ ಹೆಸರಿನ ಸಾಲಿನಲ್ಲಿ. ಅಧಿಸೂಚನೆಯ ಒಕ್ಕಣೆ ಸರಳ: ಇಂಥ ದಾಖಲೆ ಹೊಂದಿರುವ ಇಂಥ ಹೆಸರಿನ ನಾನು ಇನ್ನು ಮುಂದೆ ಇಂಥ ಹೆಸರು ಇಟ್ಟುಕೊಂಡಿದ್ದೇನೆ, ಸಂಬಂಧಪಟ್ಟವರೆಲ್ಲ ಗಮನಿಸಬೇಕು. ಇದರಲ್ಲಿ 'ಇಂಥ ದಾಖಲೆ' ಎಂಬ ಕಡೆ ಎಸ್ಸೆಸ್ಸೆಲ್ಸಿ ಪುಸ್ತಕದ ನಂಬರು ಬಂದರೆ, ಹಳೆಯ ಹೆಸರೂ ಅದೇ ಪುಸ್ತಕದಲ್ಲಿದ್ದಂತೆ ಇರಬೇಕು. ಜನರು ಮಾಡುವ ತಪ್ಪೆಂದರೆ ನಂಬರು ಎಸ್ಸೆಸ್ಸೆಲ್ಸಿಯದು, ಹೆಸರು ಆಧಾರ್‌ನದು. ಆಗ ಅಚ್ಚಾಗಿ ಬಂದ ಅಧಿಸೂಚನೆಯಲ್ಲಿ ಇಲ್ಲದ ವ್ಯಕ್ತಿಯೊಬ್ಬರು ಹೆಸರು ಬದಲಿಸಿದಂತಾಗಿ, ಯಾವ ಕಚೇರಿಯೂ ಅದನ್ನು ಸ್ವೀಕರಿಸುವುದಿಲ್ಲ. 'ಕೆ. ಗೀತ' ಮತ್ತು 'ಗೀತ ಕೆ.' ಕಂಪ್ಯೂಟರಿಗೆ ಎರಡು ಬೇರೆ ಹೆಸರುಗಳು. ದಾಖಲೆಗಳಲ್ಲಿ ಎರಡು ರೂಪಗಳಿದ್ದರೆ ಎರಡನ್ನೂ 'ಎಂದೂ ಕರೆಯಲ್ಪಡುವ' ಎಂದು ಜೋಡಿಸಿ ಒಂದೇ ಅಧಿಸೂಚನೆಯಲ್ಲಿ ತರಲು ಯತ್ನಿಸಿ.

ಹೊಸ ಹೆಸರಿನಲ್ಲಿ ಇನಿಷಿಯಲ್ ಬಿಟ್ಟು ಪೂರ್ತಿ ಬರೆಯಿರಿ. ಪಾಸ್‌ಪೋರ್ಟ್‌ನಲ್ಲಿ ಹೇಗೂ ಇನಿಷಿಯಲ್ ಬಿಡಿಸಿ ಬರೆಯಬೇಕಾಗುತ್ತದೆ. ಆಗ ಕೆ ಎಂದರೆ ತಂದೆಯ ಹೆಸರೋ ಮನೆಯ ಹೆಸರೋ ಎಂಬ ಪ್ರಶ್ನೆ ಮತ್ತೆ ಎದ್ದು ಬರುತ್ತದೆ. ಅಧಿಸೂಚನೆ ಇಂಗ್ಲಿಷಿನಲ್ಲಿರಲಿ ಎಂಬುದು ನಮ್ಮ ಸಲಹೆ. ಮಲಯಾಳದಲ್ಲಿ ಅಚ್ಚಾದದ್ದನ್ನು ಪಾಸ್‌ಪೋರ್ಟ್‌ಗಾಗಲಿ ಮಂಗಳೂರಿನ ಕಾಲೇಜಿಗಾಗಲಿ ಕೊಡುವಾಗ ಅನುವಾದ ಬೇಕಾಗುತ್ತದೆ, ಅನುವಾದದಲ್ಲಿ ಮತ್ತೊಂದು ಸ್ಪೆಲ್ಲಿಂಗ್ ಹುಟ್ಟುತ್ತದೆ. ಅಕ್ಷಯ ಕೇಂದ್ರದಲ್ಲಿ ಸಬ್‌ಮಿಟ್ ಒತ್ತುವ ಮುಂಚೆ ಪರದೆಯ ಮೇಲಿನ ಹೆಸರನ್ನು ಒಂದೊಂದೇ ಅಕ್ಷರವಾಗಿ ಗಟ್ಟಿಯಾಗಿ ಓದಿಸಿ, ಕೈಯಲ್ಲಿ ಮೂಲ ದಾಖಲೆ ಹಿಡಿದುಕೊಂಡು ಹೊಂದಿಸಿ ನೋಡಿ. ಅಚ್ಚಾದ ಮೇಲೆ ಸಿಕ್ಕ ತಪ್ಪಿಗೆ ತಿದ್ದುಪಡಿಯ ಅಧಿಸೂಚನೆ ಬೇರೆಯೇ ಬೇಕು.

ನೂರು ರೂಪಾಯಿ ಛಾಪಾ ಕಾಗದದ ಮೇಲೆ ನೋಟರಿಯ ಮುಂದೆ ಮಾಡಿಸಿದ ಅಫಿದವಿತ್ ಹೆಸರು ಬದಲಾವಣೆಯಲ್ಲ. ಅದು ನೀವು ಪ್ರಮಾಣ ಮಾಡಿ ಹೇಳಿದ ಮಾತು ಮಾತ್ರ. "ಇಷ್ಟೇ ಸಾಕು" ಎಂದು ದುಡ್ಡು ಕೇಳುವವರ ಮಾತಿಗೆ ಮರುಳಾಗಬೇಡಿ. ಕೇಂದ್ರ ಸರ್ಕಾರದ ನೌಕರರಿಗೆ ಬೇರೆ ಕ್ರಮವಿದೆ: ಹೆಸರು ಬದಲಿಸಿದ್ದೇನೆಂದು ಬರೆದುಕೊಡುವ ಡೀಡ್, ಪತ್ರಿಕಾ ಪ್ರಕಟಣೆ, ಭಾರತ ಸರ್ಕಾರದ ಗೆಜೆಟ್. ಮದುವೆಯ ನಂತರ ಗಂಡನ ಹೆಸರು ಸೇರಿಸಲು ವಿವಾಹ ನೋಂದಣಿ ಪತ್ರವೇ ಆಧಾರ, ಗೆಜೆಟ್ ಬೇಡ. ಲಿಂಗತ್ವ ಅಲ್ಪಸಂಖ್ಯಾತರು 2019ರ ಕಾಯ್ದೆಯಡಿ ಜಿಲ್ಲಾಧಿಕಾರಿ ಕೊಡುವ ಪ್ರಮಾಣಪತ್ರದಿಂದಲೇ ಗುರುತಿನ ದಾಖಲೆಗಳಲ್ಲಿ ಹೆಸರು ಬದಲಿಸಿಕೊಳ್ಳಬಹುದು.

ಇನ್ನು ಕೋರ್ಟು. ಗೆಜೆಟ್ ತೋರಿಸಿದರೂ ತಿದ್ದಲು ಒಪ್ಪದ ದಾಖಲೆಗೆ ಇದು ಬೇಕಾಗುತ್ತದೆ, ಮುಖ್ಯವಾಗಿ ಪರೀಕ್ಷಾ ಮಂಡಳಿಗಳ ಪ್ರಮಾಣಪತ್ರಕ್ಕೆ. ಜಿಗ್ಯಾ ಯಾದವ್ ತೀರ್ಪು ಇಲ್ಲಿ ಗೆರೆ ಎಳೆದಿದೆ. ಶಾಲೆಯ ದಾಖಲೆಗೋ ಜನನ ಪತ್ರದಂಥ ಸಾರ್ವಜನಿಕ ದಾಖಲೆಗೋ ಹೊಂದುವಂತೆ ತಿದ್ದಿಸುವುದು ಒಂದು, ಸ್ವಂತ ಇಷ್ಟದಿಂದ ಹೊಸ ಹೆಸರು ತರುವುದು ಇನ್ನೊಂದು. ಎರಡನೆಯದಕ್ಕೆ ಕೋರ್ಟಿನ ಘೋಷಣೆ ಮತ್ತು ಗೆಜೆಟ್ ಪ್ರಕಟಣೆ ಎರಡನ್ನೂ ಮಂಡಳಿ ಕೇಳಬಹುದು. ನಿಮ್ಮದು ಮೊದಲನೆಯದಾಗಿದ್ದರೆ ಅರ್ಜಿಯಲ್ಲಿ 'ಬದಲಾವಣೆ' ಎಂದು ಬರೆಯಲೇಬೇಡಿ, 'ತಿದ್ದುಪಡಿ' ಎಂದು ಬರೆಯಿರಿ. ಒಂದು ಪದದಿಂದ ಎರಡು ವರ್ಷದ ಅಲೆದಾಟ ಉಳಿದೀತು.

ಕಾಸರಗೋಡು, ಹೊಸದುರ್ಗ ಎರಡೂ ಕಡೆ ಮುನ್ಸಿಫ್ ಕೋರ್ಟುಗಳಿವೆ, ಅಂದರೆ ಕೆಳಹಂತದ ಸಿವಿಲ್ ಕೋರ್ಟುಗಳು. ದಾವೆ ಹಾಕುವುದು 1963ರ ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 34ನೇ ಕಲಮಿನಡಿ, ಘೋಷಣೆಗಾಗಿ. ದಾವೆ ಬೀಳುವ ಕಡೆಗಳು ಇವು. ಬರೀ 'ನನ್ನ ಹೆಸರು ಇದು ಎಂದು ಘೋಷಿಸಿ' ಎಂದು ಕೇಳಿ ನಿಲ್ಲಿಸುವುದು ಮೊದಲನೆಯದು. ಮುಂದಿನ ಪರಿಹಾರ ಕೇಳುವ ಅವಕಾಶವಿದ್ದೂ ಕೇಳದವರಿಗೆ ಘೋಷಣೆ ಕೊಡಬಾರದೆಂದು ಅದೇ ಕಲಮು ಹೇಳುತ್ತದೆ. ಆದ್ದರಿಂದ ದಾಖಲೆಯನ್ನು ತಿದ್ದಬೇಕೆಂಬ ಆಜ್ಞೆಯನ್ನೂ, ಅಂದರೆ 39ನೇ ಕಲಮಿನ ಮ್ಯಾಂಡೇಟರಿ ಇಂಜಂಕ್ಷನ್ ಅನ್ನು, ಜೊತೆಗೇ ಕೇಳಬೇಕು. ಪ್ರತಿವಾದಿಗಳನ್ನು ಬಿಟ್ಟುಬಿಡುವುದು ಎರಡನೆಯದು. 35ನೇ ಕಲಮಿನ ಪ್ರಕಾರ ಘೋಷಣೆ ಕಟ್ಟುಹಾಕುವುದು ದಾವೆಯ ಕಕ್ಷಿದಾರರನ್ನೂ ಅವರ ಮೂಲಕ ಹಕ್ಕು ಹೇಳುವವರನ್ನೂ ಮಾತ್ರ. ಪರೀಕ್ಷಾ ಮಂಡಳಿಯನ್ನು ಸೇರಿಸದೆ ಶಾಲೆಯ ಮೇಲೆ ಮಾತ್ರ ಹೂಡಿ ಗೆದ್ದ ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಮಂಡಳಿಯ ಮೇಜಿನ ಮೇಲೆ ಬರೀ ಕಾಗದ.

ಸರ್ಕಾರ ಪ್ರತಿವಾದಿಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು. ಇಲಾಖೆಯ ಕಾರ್ಯದರ್ಶಿಗೋ ಜಿಲ್ಲಾ ಕಲೆಕ್ಟರಿಗೋ ಅದು ತಲುಪಬೇಕು, ತಲುಪಿದೆ ಎಂಬ ಮಾತು ದಾವೆಯಲ್ಲೂ ಬರಬೇಕು. ಅಂಚೆಯ ಸ್ವೀಕೃತಿ ಚೀಟಿಯನ್ನು ಜೋಪಾನ ಮಾಡಿ. ತೀರಾ ತುರ್ತಿದ್ದರೆ 80(2)ರಡಿ ಕೋರ್ಟಿನ ಅನುಮತಿ ಪಡೆದು ನೋಟಿಸಿಲ್ಲದೆ ಹೋಗಬಹುದು. ಆದರೆ ತುರ್ತು ಇಲ್ಲವೆಂದು ಕಂಡರೆ ದಾವೆ ವಾಪಸು ಬರುತ್ತದೆ. ಘೋಷಣೆಯ ದಾವೆಗೆ ಕಾಲಮಿತಿ ಮೂರು ವರ್ಷ, ಲಿಮಿಟೇಶನ್ ಕಾಯ್ದೆಯ 58ನೇ ವಿಧಿ. ಎಣಿಕೆ ದಾವೆ ಹೂಡುವ ಹಕ್ಕು ಮೊದಲು ಹುಟ್ಟಿದ ದಿನದಿಂದ. ಇಲಾಖೆ ತಿದ್ದಲಾಗದು ಎಂದು ಬರೆದು ಕೊಟ್ಟ ಪತ್ರವೇ ಇದಕ್ಕೆ ಕೀಲಿಕೈ. ಬಾಯಿಮಾತಿನ ನಿರಾಕರಣೆಗೆ ತೃಪ್ತರಾಗಿ ಹಿಂತಿರುಗಬೇಡಿ, ಕಾಗದ ಕೇಳಿ.

ಗಡಿನಾಡಿನದೇ ಆದ ತೊಡಕು ಒಂದಿದೆ. ಮನೆ ವರ್ಕಾಡಿಯಲ್ಲೋ ಎಣ್ಮಕಜೆಯಲ್ಲೋ, ಓದಿದ್ದು ಪುತ್ತೂರಿನಲ್ಲೋ ಮಂಗಳೂರಿನಲ್ಲೋ, ಎಸ್ಸೆಸ್ಸೆಲ್ಸಿ ಕರ್ನಾಟಕ ಮಂಡಳಿಯದು. ದಾವೆ ಎಲ್ಲಿ ಹಾಕಬೇಕೆಂಬುದನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಕಲಮು ನಿರ್ಧರಿಸುತ್ತದೆ: ಪ್ರತಿವಾದಿ ಇರುವ ಕಡೆ, ಇಲ್ಲವೇ ದಾವೆಯ ಕಾರಣ ಹುಟ್ಟಿದ ಕಡೆ. ನಿಮ್ಮ ಮನೆ ಇರುವ ಕಡೆ ಎಂದಲ್ಲ. ಹಾಗಾಗಿ ಶಾಲೆ ಇದ್ದ ಊರಿನ ಕೋರ್ಟೇ ಸುರಕ್ಷಿತ. ಕಾಸರಗೋಡಿನಲ್ಲಿ ಹಾಕಿದರೆ ಅಧಿಕಾರ ವ್ಯಾಪ್ತಿಯ ತಕರಾರು ಎದ್ದು, ದಾವೆಪತ್ರ ಕೈಗೆ ವಾಪಸು ಬರಬಹುದು.

ಸಾಕ್ಷ್ಯದ ದಿನ ನೀವೇ ಪಿಡಬ್ಲ್ಯೂ1, ಅಂದರೆ ವಾದಿಯ ಕಡೆಯ ಮೊದಲ ಸಾಕ್ಷಿ. ಮುಖ್ಯ ವಿಚಾರಣೆ ಅಫಿದವಿತ್ ರೂಪದಲ್ಲಿ ಹೋಗುತ್ತದೆ, ದಾಖಲೆಗಳಿಗೆ ಎ1, ಎ2 ಎಂದು ಗುರುತು ಬೀಳುತ್ತದೆ. ಫೋಟೊಕಾಪಿ ಅಲ್ಲ, ಮೂಲ ಪ್ರತಿಗಳನ್ನೇ ಒಯ್ಯಬೇಕು. 1956ಕ್ಕಿಂತ ಹಿಂದಿನ, ದಕ್ಷಿಣ ಕನ್ನಡ ಜಿಲ್ಲೆಯ ಕಾಲದ, ಜಾಗದ ಕನ್ನಡ ಪತ್ರಗಳಿದ್ದರೆ ಇಂಗ್ಲಿಷ್ ಅನುವಾದ ಮೊದಲೇ ಸಿದ್ಧಮಾಡಿ, ಹೆಸರಿನ ಸ್ಪೆಲ್ಲಿಂಗ್ ದಾವೆಯಲ್ಲಿದ್ದಂತೆಯೇ ಇದೆಯೇ ನೋಡಿಕೊಳ್ಳಿ. ವಕೀಲರ ಖರ್ಚಿಗೆ ಹೆದರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ 1987ರ ಕಾಯ್ದೆಯ 12ನೇ ಕಲಮಿನಡಿ ಉಚಿತ ನೆರವಿಗೆ ಅರ್ಹರು. ಗೀತಾ ಎಂಬ ಹೆಸರಿಗಾಗಿ ಕಿವಿಯೋಲೆ ಅಡವಿಡಬೇಕಾಗಿಲ್ಲ.

ತೀರ್ಪು ಬಂದ ಮೇಲೆ ಜಡ್ಜ್‌ಮೆಂಟ್ ಮತ್ತು ಡಿಕ್ರಿ ಎರಡರದೂ ಸರ್ಟಿಫೈಡ್ ಕಾಪಿ ತೆಗೆಯಿರಿ, ತಲಾ ಎರಡೆರಡು. ಒಂದು ಮಂಡಳಿಗೆ, ಒಂದು ಮನೆಯ ಪೆಟ್ಟಿಗೆಗೆ. ಗೆಜೆಟ್ ಆಗಲಿ ಡಿಕ್ರಿ ಆಗಲಿ, ಬೇರೆ ದಾಖಲೆಗಳನ್ನು ತಾನಾಗಿ ಬದಲಿಸದು. ಆಧಾರ್‌ನಿಂದ ಶುರುಮಾಡಿ. ಅದರಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಇರುವುದು ಎರಡೇ ಅವಕಾಶ, ಹಾಗಾಗಿ ಕೊನೆಯ ರೂಪ ಖಚಿತವಾಗುವವರೆಗೆ ಮುಟ್ಟಬೇಡಿ. ಆಮೇಲೆ ಪ್ಯಾನ್, ಬ್ಯಾಂಕು, ಪಾಸ್‌ಪೋರ್ಟ್. ಎಲ್ಲರೂ ಮರೆಯುವುದು ಜಾಗದ ತಂಡಪೇರನ್ನು, ಅಂದರೆ ವಿಲ್ಲೇಜ್ ಆಫೀಸಿನಲ್ಲಿರುವ ಜಾಗದ ತೆರಿಗೆ ಖಾತೆಯನ್ನು. ಮುಂದೆ ಮಕ್ಕಳ ಹೆಸರಿಗೆ ಜಾಗ ಬರೆಸುವ ದಿನ ಅಲ್ಲಿ ಹಳೆಯ ಹೆಸರೇ ಕೂತಿರುತ್ತದೆ. ಗೆಜೆಟ್‌ನ ಪ್ರತಿ ಹಿಡಿದುಕೊಂಡು ಅದೇ ವಾರ ವಿಲ್ಲೇಜ್ ಆಫೀಸಿಗೂ ಒಮ್ಮೆ ಹೋಗಿಬನ್ನಿ.