ನಕಲಿ ಡಿಡಿಗೆ ಮೋಸ ಹೋದ ಮೇಲೆ ಸಿಕ್ಕ ಮಾಟುಂಗದ ವಕೀಲರು

ಮುಂಬಯಿಯ ಮಾಟುಂಗದಲ್ಲಿ ನನ್ನದೊಂದು ಸಣ್ಣ ಸೀರೆ ಅಂಗಡಿ. ಶ್ರಾವಣದಲ್ಲಿ ಒಬ್ಬ ಮದುವೆಗೆ ಅಂತ 92,000 ರೂಪಾಯಿ ಸೀರೆ ಆರಿಸಿ ಬ್ಯಾಂಕಿನ ಡಿಡಿ (ಡಿಮ್ಯಾಂಡ್ ಡ್ರಾಫ್ಟ್) ಕೊಟ್ಟ. ಡಿಡಿ ಅಂದ್ರೆ ದುಡ್ಡು ಕೈಗೆ ಬಂದ ಹಾಗೇ ಅಲ್ವಾ? ಮಾಲು ಕಟ್ಟಿ ಕೊಟ್ಟೆ. ಎರಡು ದಿನಕ್ಕೆ ಬ್ಯಾಂಕಿನಿಂದ ಫೋನು, ಡಿಡಿ ನಕಲಿ ಅಂತ. ಆಮೇಲೆ ನೋಡಿದರೆ ಶಾಖೆಯ ಹೆಸರಿನ ಸ್ಪೆಲ್ಲಿಂಗೇ ತಪ್ಪು!

ಠಾಣೆಯಲ್ಲಿ ಬರೀ ಎನ್‌ಸಿ (ಎಫ್‌ಐಆರ್ ಇಲ್ಲದ ಸಣ್ಣ ದೂರಿನ ನಮೂದು) ಬರೆದು ಸಾಗಹಾಕಿದರು. ಪಕ್ಕದ ಹೋಟೆಲಿನ ಶೆಟ್ರು ಈ ವಕೀಲರ ಹತ್ತಿರ ಕಳಿಸಿದರು. ಕನ್ನಡದಲ್ಲೇ ಮಾತು, ಅರ್ಧ ಭಾರ ಅಲ್ಲೇ ಇಳಿಯಿತು. ಚೆಕ್ ಬೌನ್ಸ್ ಕೇಸು ಹಾಕಿ ಅಂದೆ. ನಕ್ಕರು. ಚೆಕ್ ಬೌನ್ಸಿನ 138ನೇ ಸೆಕ್ಷನ್ ಕೊಟ್ಟವನದೇ ಖಾತೆಯ ಚೆಕ್ಕಿಗೆ ಮಾತ್ರ, ಇದಕ್ಕೆ ನಡೆಯೋದಿಲ್ಲಮ್ಮ ಅಂತ ಹೇಳಿ, ವಂಚನೆ ಮತ್ತು ಫೋರ್ಜರಿ ಅಂತ ಭಾರತೀಯ ನ್ಯಾಯ ಸಂಹಿತೆಯ 318, 338, 340 ಹಾಕಿ ದೂರು ಬರೆದು, ಬ್ಯಾಂಕಿನ ಮೆಮೊ, ಡಿಡಿಯ ಎರಡೂ ಬದಿಯ ಜೆರಾಕ್ಸ್, ಬಿಲ್, ಸಿಸಿಟಿವಿ ತುಣುಕು ಎಲ್ಲ ಜೋಡಿಸಿ ಡಿಸಿಪಿಗೆ ಅಂಚೆಯಲ್ಲಿ ಕಳಿಸಿದರು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಅಂದಿದ್ದರು, ಅದು ಬೇಕಾಗಲಿಲ್ಲ. ವಾರದಲ್ಲಿ ಎಫ್‌ಐಆರ್ ಆಯಿತು.

ದುಡ್ಡು? ಇನ್ನೂ ಬಂದಿಲ್ಲ. ವಸೂಲಿಗೆ ಬೇರೆ ಸಿವಿಲ್ ದಾವೆ, ಅದೂ ಮೂರು ವರ್ಷದೊಳಗೆ ಹಾಕಬೇಕು ಅಂತ ಮೊದಲ ದಿನವೇ ಹೇಳಿದ್ದರು, ಸುಮ್ನೆ ಆಸೆ ತೋರಿಸಲಿಲ್ಲ. ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ ಅಂತಲೂ ಅವರೇ ತಿಳಿಸಿದ್ದು. ತಮ್ಮ ಫೀಸು ಹೋಗುತ್ತೆ ಅಂತ ಗೊತ್ತಿದ್ದೂ!

ಒಂದೇ ಬೇಜಾರು. ಆಫೀಸು ಮೂರನೇ ಮಹಡಿ, ಲಿಫ್ಟ್ ಇಲ್ಲ, ಕಾಯೋದು ಜಾಸ್ತಿ. ನಾಲ್ಕು ಸ್ಟಾರ್.