ಒಂದೇ ಕಾಲು ಊದಿಕೊಂಡಾಗ ಡಯೋಸ್ಮಿನ್ ಮಾತ್ರೆ ನುಂಗುತ್ತಾ ಕಾಯಬೇಡಿ

ಕಾಲಿನ ರಕ್ತನಾಳಗಳಿಗೆ ಒಳ್ಳೆಯದೆಂದು ಡಯೋಸ್ಮಿನ್ ಮಾತ್ರೆಗಳನ್ನು ವೈದ್ಯರ ತಪಾಸಣೆಯಿಲ್ಲದೆ ಸೇವಿಸುತ್ತಿರುವವರು ಇದನ್ನು ಪೂರ್ತಿಯಾಗಿ ಓದಬೇಕೆಂದು ಕೋರುತ್ತೇನೆ. ನನ್ನ ಅಕ್ಕ ಪಟ್ಟ ಪಾಡು ಇನ್ನೊಬ್ಬರಿಗೆ ಬರಬಾರದು.

ಅಕ್ಕನದು ದಿನವಿಡೀ ನಿಂತು ಮಾಡುವ ಕೆಲಸ. ಎರಡೂ ಕಾಲುಗಳಲ್ಲಿ ರಕ್ತನಾಳಗಳು ಉಬ್ಬಿಕೊಂಡಿದ್ದು, ಸಂಜೆಯಾಗುತ್ತಲೇ ಕಾಲು ಭಾರವಾಗಿ ಪಾದಗಳು ಊದುತ್ತಿದ್ದವು. ಪೂರಕಗಳನ್ನು ಮಾರುವ ಪರಿಚಿತರೊಬ್ಬರು ‘ಇದು ಕಿತ್ತಳೆ ಸಿಪ್ಪೆಯಿಂದ ಬಂದದ್ದು, ಅಡ್ಡಪರಿಣಾಮವೇ ಇಲ್ಲ’ ಎಂದು ಹೇಳಿ ಮಾತ್ರೆಗಳನ್ನು ಕೊಟ್ಟರು. ಮೊದಮೊದಲು ಕಾಲಿನ ಭಾರ ತುಸು ಇಳಿದದ್ದೂ ನಿಜ. ಆದರೆ ದೀರ್ಘ ಪ್ರಯಾಣವೊಂದನ್ನು ಮುಗಿಸಿ ಬಂದ ಬಳಿಕ ಎಡಗಾಲಿನ ಮೀನಖಂಡ ಮಾತ್ರ ಊದಿಕೊಂಡಿತು. ಮುಟ್ಟಿದರೆ ಬಿಸಿ, ಒತ್ತಿದರೆ ನೋವು. ಮಾರಿದವರನ್ನು ವಿಚಾರಿಸಿದಾಗ, ಮಾತ್ರೆ ನಾಟಲು ಸಮಯ ಬೇಕು, ಅಲ್ಲಿಯವರೆಗೆ ದಿನಕ್ಕೆ ಇಮ್ಮಡಿ ತೆಗೆದುಕೊಳ್ಳಿ ಎಂದರು. ಈ ಒಂದು ಮಾತೇ ನಮ್ಮ ಅಮೂಲ್ಯ ದಿನಗಳನ್ನು ತಿಂದುಹಾಕಿತು.

ಕೊನೆಗೆ ತೋರಿಸಿದ ವೈದ್ಯರು ಮಾಡಿದ ಮೊದಲ ಕೆಲಸವೆಂದರೆ ಅಳತೆಪಟ್ಟಿಯಿಂದ ಎರಡೂ ಮೀನಖಂಡಗಳ ಸುತ್ತಳತೆ ತೆಗೆದದ್ದು. ಒಂದು ಇನ್ನೊಂದಕ್ಕಿಂತ 3 ಸೆಂಟಿಮೀಟರಿಗೂ ಹೆಚ್ಚು ದಪ್ಪವಿದ್ದರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದೆಂದು ಶಂಕಿಸುತ್ತಾರಂತೆ; ಅಕ್ಕನ ಕಾಲು ಆ ಮಿತಿಯನ್ನು ದಾಟಿತ್ತು. ನಂತರ ಧ್ವನಿತರಂಗಗಳಿಂದ ರಕ್ತನಾಳಗಳನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಆಯಿತು. ಆರೋಗ್ಯವಾಗಿರುವ ಅಭಿಧಮನಿಯನ್ನು ಸ್ಕ್ಯಾನಿನ ಉಪಕರಣದಿಂದ ಒತ್ತಿದರೆ ಅದು ಚಪ್ಪಟೆಯಾಗಿ ಪರದೆಯ ಮೇಲೆ ಕಾಣದಂತಾಗುತ್ತದೆ, ಆದರೆ ಅಕ್ಕನ ಮಂಡಿಯ ಹಿಂಬದಿಯ ಅಭಿಧಮನಿ ಎಷ್ಟು ಒತ್ತಿದರೂ ದುಂಡಗೇ ಉಳಿದಿತ್ತು. ಡಿವಿಟಿ, ಅಂದರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಖಚಿತವಾಗಿ, ಅಂದೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಆರಂಭವಾಯಿತು, ಪೂರಕವನ್ನು ನಿಲ್ಲಿಸಲಾಯಿತು.

ಡಯೋಸ್ಮಿನ್‌ನಿಂದಲೇ ರಕ್ತ ಹೆಪ್ಪುಗಟ್ಟಿತೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ಅನ್ಯಾಯವಾದೀತು. ಇದು 1969ರಿಂದ ಔಷಧವಾಗಿ ಬಳಕೆಯಲ್ಲಿರುವ ಪದಾರ್ಥ. ಕಿತ್ತಳೆ ಜಾತಿಯ ಹಣ್ಣುಗಳಲ್ಲಿರುವ ಹೆಸ್ಪೆರಿಡಿನ್ ಅನ್ನು ರಾಸಾಯನಿಕವಾಗಿ ಮಾರ್ಪಡಿಸಿ ಇದನ್ನು ತಯಾರಿಸುತ್ತಾರೆ. ಕಾಲಿನ ಭಾರ, ಊತ, ಸೆಳೆತಗಳನ್ನು ಇದು ಸ್ವಲ್ಪಮಟ್ಟಿಗೆ ತಗ್ಗಿಸಬಲ್ಲದು. ಆದರೆ ಅಭಿಧಮನಿಯೊಳಗೆ ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟಗಳು ಕೆಟ್ಟುಹೋಗಿದ್ದರೆ ಅವನ್ನು ಸರಿಪಡಿಸಲಾರದು, ಉಬ್ಬಿದ ರಕ್ತನಾಳವನ್ನು ಮೊದಲಿನಂತೆ ಮಾಡಲಾರದು, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಶಕ್ತಿಯಂತೂ ಇದಕ್ಕೆ ಇಲ್ಲವೇ ಇಲ್ಲ. ಮಾರುವವರು ಈ ವ್ಯತ್ಯಾಸವನ್ನು ಮರೆಮಾಚುವುದೇ ನನಗೆ ಅಕ್ಷಮ್ಯವೆನಿಸುತ್ತದೆ.

ಡಬ್ಬಿಯ ಮೇಲಿನ ಬರಹವನ್ನೂ ಗಮನಿಸಿ. ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ 500 ಮಿಲಿಗ್ರಾಂ ಮಾತ್ರೆಯಲ್ಲಿ 450 ಮಿಲಿಗ್ರಾಂ ಡಯೋಸ್ಮಿನ್, 50 ಮಿಲಿಗ್ರಾಂ ಹೆಸ್ಪೆರಿಡಿನ್ ಇರುತ್ತದೆ, ಮತ್ತು ನೀರಿನಲ್ಲಿ ಸುಲಭವಾಗಿ ಕರಗದ ಪದಾರ್ಥವಾದ್ದರಿಂದ ಅದನ್ನು ಅತಿ ಸೂಕ್ಷ್ಮವಾಗಿ ಪುಡಿಮಾಡಿರುತ್ತಾರೆ. ಅಕ್ಕನ ಡಬ್ಬಿಯಲ್ಲಿ ‘ಸಿಟ್ರಸ್ ಬಯೋಫ್ಲೇವನಾಯ್ಡ್’ (ಕಿತ್ತಳೆ ಜಾತಿಯ ಹಣ್ಣುಗಳ ಇಂಥ ಸಸ್ಯಾಂಶಗಳ ಒಟ್ಟು ಹೆಸರು) ಎಂಬ ಒಟ್ಟು ತೂಕವಷ್ಟೇ ಇತ್ತು; ಅದರಲ್ಲಿ ಡಯೋಸ್ಮಿನ್ ಎಷ್ಟೆಂಬುದು ಎಲ್ಲಿಯೂ ಇರಲಿಲ್ಲ.

ಬೇರೆ ಔಷಧ ತೆಗೆದುಕೊಳ್ಳುವವರು ಇನ್ನಷ್ಟು ಎಚ್ಚರದಿಂದಿರಬೇಕು. ನೋವಿಗೆ ಕೊಡುವ ಡೈಕ್ಲೊಫೆನಾಕ್‌ನ ಪ್ರಮಾಣವನ್ನು ಡಯೋಸ್ಮಿನ್ ರಕ್ತದಲ್ಲಿ ಏರಿಸುತ್ತದೆಂದು ಆರೋಗ್ಯವಂತ ವ್ಯಕ್ತಿಗಳ ಮೇಲೆ ನಡೆದ ಅಧ್ಯಯನದಲ್ಲಿ ಕಂಡುಬಂದಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನಂತಹ ಔಷಧ ಸೇವಿಸುವವರಂತೂ ವೈದ್ಯರಿಗೆ ತಿಳಿಸದೆ ಇಂಥ ಪೂರಕವನ್ನು ಮುಟ್ಟಲೇಬಾರದು.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ನೋಯತೊಡಗಿದರೆ, ಅದರಲ್ಲೂ ಪ್ರಯಾಣ, ಶಸ್ತ್ರಚಿಕಿತ್ಸೆ, ಹೆರಿಗೆ ಅಥವಾ ದೀರ್ಘಕಾಲ ಹಾಸಿಗೆ ಹಿಡಿದ ನಂತರ ಹೀಗಾದರೆ, ಅಂದೇ ವೈದ್ಯರಿಗೆ ತೋರಿಸಿ. ಆ ಕಾಲನ್ನು ತಿಕ್ಕಿ ಮಾಲೀಸು ಮಾಡಬೇಡಿ. ಜೊತೆಗೆ ಉಸಿರುಕಟ್ಟುವುದು, ಎದೆನೋವು ಅಥವಾ ಕೆಮ್ಮಿನಲ್ಲಿ ರಕ್ತ ಕಂಡರೆ ಹೆಪ್ಪು ಶ್ವಾಸಕೋಶವನ್ನು ತಲುಪಿರುವ ಸಂಭವವಿದೆ. ಆಗ ಬೆಳಗಾಗಲೆಂದು ಕಾಯದೆ ನೇರವಾಗಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.